ನೀಲಿ ಬಣ್ಣ ಕೆರೆದ ದಿನ

ವಾರದ ರಜೆಯ ದಿನ ಷಟರನ್ನು ಸೊಂಟದೆತ್ತರಕ್ಕೆ ಮಾತ್ರ ಎತ್ತಿ, ತಲೆ ತಗ್ಗಿಸಿ ಒಳಗೆ ನುಸುಳಿದಾಗ ಅವನಿಗೆ ತನ್ನದೇ ಷೆಡ್ಡಿಗೆ ಕಳ್ಳನ ಹಾಗೆ ಹೊಕ್ಕಂತೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಗುವೂ ಬಂತು. ಇಪ್ಪತ್ತೆಂಟು ವರ್ಷದಿಂದ ಇದೇ ಷೆಡ್ಡು. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ಎತ್ತಿ, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು, ಏನೂ ಆಗಿಯೇ ಇಲ್ಲವೆನ್ನುವ ಹಾಗೆ ವಾಪಸು ಕೊಡುವುದು ಅವನ ಕಸುಬು. ಹಾಗೆ ಕೊಟ್ಟದ್ದನ್ನು ಬರಿಗಣ್ಣಿನಲ್ಲಿ ಕಂಡುಹಿಡಿದವರು ಇಲ್ಲ. ವಿಮೆಯ ತಪಾಸಣೆಯವನೊಬ್ಬ ಒಮ್ಮೆ ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ ಹಚ್ಚಿ, ಅದು ಅಂಟದೆ ಜಾರಿಬಿದ್ದಾಗ, ‘ಪುಟ್ಟಿ ಮೇಷ್ಟ್ರು ನೀವು’ ಎಂದು ಕೈಕುಲುಕಿ ಹೋಗಿದ್ದ. ಹೆಸರು ಬೀದಿಯಲ್ಲಿ ನಿಂತುಬಿಟ್ಟಿತು. ನಿಜವಾದ ಮೇಷ್ಟ್ರು ಅಕ್ಕ. ಮೂವತ್ತಮೂರು ವರ್ಷ ಲೆಕ್ಕ ಕಲಿಸಿ ಹೋದ ತಿಂಗಳಷ್ಟೇ ನಿವೃತ್ತಳಾದವಳು. ಮೊನ್ನೆ ಈ ಸೈಕಲ್ಲಿನ ಫ್ರೇಮನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ತಂದು ಇಳಿಸಿದ್ದಳು. ಈಗ ಅದು, ಕಾರಿನ ಬಾಗಿಲುಗಳನ್ನು ತೂಗುಹಾಕುವ ಕೊಕ್ಕೆಯಿಂದ, ಚಕ್ರವಿಲ್ಲದೆ, ಹ್ಯಾಂಡಲಿಲ್ಲದೆ, ನೀಲಿಯಾಗಿ ನೇತಾಡುತ್ತಿತ್ತು.

ಬಣ್ಣ ಕಳಚುವ ಮದ್ದನ್ನು ಅವನು ಹಳೆಯ ಕುಂಚದಿಂದ ದಪ್ಪವಾಗಿ ಬಳಿದ, ಒಂದೇ ದಿಕ್ಕಿಗೆ, ಮತ್ತೆ ಮೇಲೆ ಕೈಯಾಡಿಸದೆ. ಹೊಸಬರು ಮಾಡುವ ತಪ್ಪು ಅದೇ, ಹಚ್ಚಿದ್ದರ ಮೇಲೆ ಹಚ್ಚಿ ಮದ್ದಿನ ಉಸಿರು ಕಟ್ಟಿಸುವುದು. ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಸ್ಟೂಲಿನ ಮೇಲೆ ಕೂತ. ಇಪ್ಪತ್ತು ನಿಮಿಷ ಸಾಕು. ಹನ್ನೊಂದಕ್ಕೆ ಅಕ್ಕ ಬರುತ್ತಾಳೆ, ಈಗ ಒಂಬತ್ತೂವರೆ. ಹಿಂದಿನ ಕವಲಿನಿಂದ ಶುರುಮಾಡಿ ಸೀಟಿನ ಕೊಳವೆಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗಬೇಕು ಎಂದು ಕೈ ತಾನೇ ನಿರ್ಧರಿಸಿತ್ತು. ಮುಂದಿನ ಭಾಗಕ್ಕೆ, ಹ್ಯಾಂಡಲಿನ ಕೊರಳಿಗೆ ಎರಡು ಕೊಳವೆಗಳು ಬಂದು ಸೇರುವ ಜಾಗಕ್ಕೆ, ಅವನು ಮದ್ದು ಹಚ್ಚಿದ್ದ, ಹಾಳೆಯನ್ನೂ ಸುತ್ತಿದ್ದ, ಅದರ ಮೇಲೆ ಟೇಪನ್ನೂ ಎರಡು ಸುತ್ತು ಬಿಗಿದಿದ್ದ. ಟೇಪಿನ ಅಗತ್ಯ ಇರಲಿಲ್ಲ. ಫೋನಿನಲ್ಲಿ ಅವನು ಕೊನೆಯ ಪ್ರಯತ್ನವನ್ನೂ ಮಾಡಿ ನೋಡಿದ್ದ: ‘ಕೆರೆಯೋದು ಯಾಕಕ್ಕ, ಅದರ ಮೇಲೇ ಹೊಸ ನೀಲಿ ಹೊಡ್ದುಕೊಡ್ತೀನಿ, ಮುಖ ನೋಡ್ಕೊಬಹುದು, ಕನ್ನಡಿ ಥರ.’ ‘ನಿನ್ನ ಕನ್ನಡಿ ಬೇಡ ಕಣೋ. ಅಪ್ಪ ಮಾಡಿದ ಕನ್ನಡಿ ಬೇಕು ನಂಗೆ. ಬಣ್ಣ ಹಚ್ಚಿದೋನು ನೀನು, ತೆಗೆಯೋನೂ ನೀನೇ.’ ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ.

ಅಪ್ಪ ಲೋಹಕ್ಕೆ ಲೇಪ ಕೊಡುವ ಕಾರ್ಖಾನೆಯಲ್ಲಿ ತೊಟ್ಟಿಗಳನ್ನು ನೋಡಿಕೊಳ್ಳುವವನಾಗಿದ್ದ. ಅವನ ಬಟ್ಟೆಗಳಲ್ಲಿ ಸಣ್ಣ ಸಣ್ಣ ತೂತು, ಬೆರಳುಗಳ ಸಂದಿಯಲ್ಲಿ ಯಾವಾಗಲೂ ಹಳದಿ. ಅಕ್ಕ ಸೈಕಲ್ ಪಂದ್ಯದಲ್ಲಿ ಜಿಲ್ಲೆಗೆ ಮೊದಲನೆಯವಳಾಗಿ ಬಂದ ವರ್ಷ, ಬರಿ ಉಕ್ಕಿನ ಫ್ರೇಮೊಂದನ್ನು ಎಲ್ಲಿಂದಲೋ ತಂದು, ಮೇಲಿನವರನ್ನು ಕೇಳಿ, ತನ್ನ ಪಾಳಿ ಮುಗಿದ ಮೇಲೆ ತಾನೇ ತೊಟ್ಟಿಯಲ್ಲಿ ಮುಳುಗಿಸಿ ಕ್ರೋಮ್ ಏರಿಸಿದ್ದ. ಮನೆಗೆ ತಂದ ದಿನ ಅದನ್ನು ಅಡುಗೆಮನೆಯ ಕಿಟಕಿಗೆ ಒರಗಿಸಿದಾಗ ಇಡೀ ಗೋಡೆಯ ಮೇಲೆ ಬೆಳಕಿನ ಗೀರುಗಳು ಓಡಾಡಿದ್ದವು. ಅಕ್ಕ ಅದರೊಳಗೆ ಬಗ್ಗಿ ಹಲ್ಲು ನೋಡಿಕೊಂಡಿದ್ದಳು. ಆ ಸೈಕಲ್ಲನ್ನು ಅವಳಲ್ಲದೆ ಯಾರೂ ಮುಟ್ಟಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಬೀಳದಷ್ಟು ಅದು ಅವಳದಾಗಿತ್ತು. ಅದೇ ಅವನಿಗೆ ಆಗುತ್ತಿರಲಿಲ್ಲ. ಹದಿನಾರು ವರ್ಷದ ಹುಡುಗನಿಗೆ, ಬೀದಿಯಲ್ಲಿ ‘ಸೈಕಲ್ ಅಕ್ಕನ ತಮ್ಮ’ ಎಂದು ಕರೆಸಿಕೊಳ್ಳುವುದು ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗಿತ್ತು.

ಹಾಳೆ ಬಿಚ್ಚಿದ. ನೀಲಿ ಸುಕ್ಕುಗಟ್ಟಿ, ಉಬ್ಬಿ, ಕಾಯಿಸಿ ಆರಿಸಿದ ಹಾಲಿನ ಕೆನೆಯ ಹಾಗೆ ನಿಂತಿತ್ತು. ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿಯನ್ನು ಮಲಗಿಸಿ ಹಿಡಿದು ಒಂದೇ ಸೆಳೆತಕ್ಕೆ ಎಳೆದ. ಬಣ್ಣ ರಿಬ್ಬನ್ನಿನಂತೆ ಸುರುಳಿಯಾಗಿ ಕೆಳಗಿನ ಕಾಗದದ ಮೇಲೆ ಬಿತ್ತು. ಕೆಳಗೆ ಬೆಳ್ಳಗೆ, ಸ್ವಲ್ಪ ಮಬ್ಬಾಗಿ, ಕ್ರೋಮ್ ಕಂಡಿತು. ಎಷ್ಟು ಸುಲಭವಾಗಿ ಬರುತ್ತಿದೆ ಎಂದು ಅವನಿಗೆ ಸಂತೋಷವೇ ಆಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಯೂಮಿನಿಯಂ ಹಾಳೆಯ ತುಂಡನ್ನು ಮುದುಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದಾಗ ತುಕ್ಕಿನ ಚುಕ್ಕೆಗಳು ಕಂದು ನೀರಾಗಿ ಇಳಿದವು. ಆಗ ಗೀಚುಗಳು ಕಂಡವು. ದುಂಡು ದುಂಡಾಗಿ, ಆತುರದಲ್ಲಿ ತಿರುವಿದ ಉಪ್ಪುಕಾಗದದ ಗೀಚುಗಳು, ಕೊಳವೆಯ ಉದ್ದಕ್ಕೂ. ಕ್ರೋಮಿನ ಮೇಲೆ ಬಣ್ಣ ಹಿಡಿಯುವುದಿಲ್ಲ, ಮೊದಲು ಮೈ ಒರಟು ಮಾಡಬೇಕು ಎಂದು ಅವನಿಗೆ ಆಗಲೇ ಗೊತ್ತಿತ್ತು. ಉದ್ದಕ್ಕೆ ಉಜ್ಜಬೇಕು ಎನ್ನುವುದು ಗೊತ್ತಿರಲಿಲ್ಲ. ಈಗಿನ ಅವನು ಆ ಹುಡುಗನ ಕೆಲಸವನ್ನು ಮೇಸ್ತ್ರಿಯ ಕಣ್ಣಿನಿಂದ ನೋಡಿ, ‘ಥೂ, ಎಂಥ ಕೆಲಸ’ ಎಂದು ಗೊಣಗಿದ. ಗೊಣಗಿದ್ದು ಗೀಚುಗಳಿಗೆ.

ಅಕ್ಕನಿಗೆ ಪರೀಕ್ಷೆ ಇದ್ದ ದಿನ ಅವನು ಸೈಕಲ್ಲನ್ನು ಹೊರಗೆ ತಂದಿದ್ದ. ಓಣಿಯ ಇಳಿಜಾರಿನಲ್ಲಿ ಗೆಳೆಯರು ಸಾಲಾಗಿ ನಿಂತಿದ್ದರು. ಅವರು ನೋಡುತ್ತಿದ್ದಾರೋ ಇಲ್ಲವೋ ಎಂದು ಹಿಂದೆ ತಿರುಗಿದ್ದೇ ತಪ್ಪಾಯಿತು. ನೀರಿನ ಟ್ಯಾಂಕಿನ ಗೋಡೆ ಎದುರಿಗೇ ಇತ್ತು. ಅವನಿಗೆ ತರಚಿದ ಗಾಯವೂ ಆಗಲಿಲ್ಲ, ಆಗಿದ್ದರೆ ಬಹುಶಃ ಮನೆಯಲ್ಲಿ ಹೇಳುತ್ತಿದ್ದ. ಸೈಕಲ್ ಅಂಗಡಿಯವನು ಮುಂದಿನ ಚಕ್ರ, ಕವಲು ಎರಡನ್ನೂ ಒಂದು ಗಂಟೆಯಲ್ಲಿ ನೇರ ಮಾಡಿಕೊಟ್ಟ. ಆಮೇಲೆ ಫ್ರೇಮಿನ ಕೆಳಗೆ ಬೆರಳಾಡಿಸಿ, ಕೊರಳಿನ ಹಿಂದೆ ಎರಡೂ ಕೊಳವೆಗಳ ಹೊಟ್ಟೆಯಲ್ಲಿ ಎದ್ದಿದ್ದ ಸಣ್ಣ ಮಡಿಕೆಯನ್ನು ಅವನ ಬೆರಳಿಗೂ ಮುಟ್ಟಿಸಿ, ‘ಕೊಳವೆ ಮಡಚಿದೆ ತಮ್ಮಾ. ಇದು ನನ್ನ ಕೈಲಾಗಲ್ಲ. ಮನೇಲಿ ಹೇಳು, ಜೋರಾಗಿ ಓಡಿಸೋರು ಹತ್ತಬಾರದು’ ಎಂದಿದ್ದ. ಅವನು ಹೂಂ ಎಂದಿದ್ದ. ಮನೆಗೆ ಬರುವ ದಾರಿಯಲ್ಲಿ ಬಣ್ಣದ ಅಂಗಡಿ ಇತ್ತು. ಅಕ್ಕನ ತಂಡದ ಅಂಗಿ ನೀಲಿ.

ಮಡಿಕೆಯ ಸುತ್ತ ಪುಟ್ಟಿ ಬಳಿದು, ಒಣಗಿಸಿ, ಉಜ್ಜಿ, ಇಡೀ ಫ್ರೇಮಿಗೆ ನೀಲಿ ಹಚ್ಚಿ, ಅವಳ ಪರೀಕ್ಷೆಗಳು ಮುಗಿದ ಸಂಜೆ ಅಂಗಳದಲ್ಲಿ ನಿಲ್ಲಿಸಿದಾಗ ಅಕ್ಕ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಬಂದು ಅವನ ತಲೆಯನ್ನು ತಬ್ಬಿಕೊಂಡಳು. ‘ನನ್ನ ತಮ್ಮ ಹಚ್ಚಿದ್ದು’ ಎಂದು ತಂಡದ ಹುಡುಗಿಯರಿಗೆಲ್ಲ ಹೇಳಿಕೊಂಡು ತಿರುಗಿದಳು. ಅಪ್ಪ ಮಾತ್ರ ತನ್ನ ಕ್ರೋಮ್ ಇದ್ದ ಕಡೆ ಹೆಬ್ಬೆರಳಿನಿಂದ ಸವರಿ, ‘ಒಳ್ಳೆ ಕೈ ಕಣೋ ನಿಂದು’ ಎಂದ. ಮುಂದಿನ ವರ್ಷ ತಾನೇ ಕರೆದುಕೊಂಡು ಹೋಗಿ ಬಣ್ಣದ ಕೆಲಸಕ್ಕೆ ಸೇರಿಸಿದ. ಅಂದರೆ ಈ ಷೆಡ್ಡು, ಈ ಕಂಪ್ರೆಸರ್, ಮೇಲಿನ ಮನೆ, ಮೇಲಿನ ಮನೆಯಲ್ಲಿ ಈಗ ತರಕಾರಿ ಹೆಚ್ಚುತ್ತಿರುವ ಹೆಂಡತಿ, ಎಲ್ಲವೂ ಆ ಒಂದು ಡಬ್ಬಿ ನೀಲಿಯಿಂದ ಹೊರಟದ್ದು. ಇದನ್ನು ಅವನು ಎಷ್ಟೋ ಸಲ ಯೋಚಿಸಿದ್ದ.  

ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗಲೇ ಷಟರಿನ ಕೆಳಗೆ ಅಕ್ಕನ ತಲೆ ಕಾಣಿಸಿತು. ‘ಏನೋ, ಪೊಲೀಸರು ಹುಡುಕ್ತಿರೋರ ಥರ ಅರ್ಧ ಬಾಗಿಲು ಹಾಕ್ಕೊಂಡು ಕೂತಿದ್ದೀಯ?’ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಒಳಗೆ ಬಂದಳು. ಐವತ್ತೆಂಟಾದರೂ ಬಗ್ಗಿ ಏಳುವಾಗ ಕೈ ಊರಲಿಲ್ಲ. ಬಲಗಡೆಯ ಭುಜ ಎಡಗಡೆಯದಕ್ಕಿಂತ ಕೊಂಚ ಕೆಳಗೆ. ಹಿಂದೆ ಪಂದ್ಯದಲ್ಲಿ ಬಿದ್ದಾಗ ಮುರಿದು ಕೂಡಿಕೊಂಡ ಕೊರಳ ಎಲುಬು ಹಾಗೇ ನಿಂತುಹೋಗಿತ್ತು. ಫ್ರೇಮಿನ ಹಿಂದಿನ ಅರ್ಧ ಬೆಳ್ಳಗೆ ಹೊಳೆಯುತ್ತಿದ್ದುದನ್ನು ನೋಡಿ ಅವಳು ಹತ್ತಿರ ಬಂದಳು. ಬಗ್ಗಿ ಅದರೊಳಗೆ ನೋಡಿಕೊಂಡು, ‘ಅಪ್ಪ ಇದ್ದಿದ್ರೆ’ ಎಂದಳು. ಆಮೇಲೆ ಬೆಂಚಿನ ಮೇಲಿದ್ದ ಕೈಗವಸುಗಳಲ್ಲಿ ಒಂದು ಜೊತೆ ತೆಗೆದು ತೊಟ್ಟು, ‘ಕೊಡು ಇಲ್ಲಿ, ನಾನೂ ಕೆರೀತೀನಿ. ಮನೇಲಿ ಕೂತು ಕೂತು ಕೈ ಜಡ್ಡುಗಟ್ಟಿದೆ’ ಎಂದು ಪಟ್ಟಿಯನ್ನು ಅವನ ಕೈಯಿಂದಲೇ ಕಿತ್ತುಕೊಂಡಳು.

‘ಈ ಮುಂದಿನದಕ್ಕೆ ಯಾಕೋ ಇಷ್ಟು ಬಿಗಿದಿದ್ದೀಯ?’

‘ಮದ್ದು ಇನ್ನೂ ನೆನೀಬೇಕು.’

‘ನೆಂದಿದೆ ಬಿಡೋ, ಉಬ್ಬಿಕೊಂಡಿದೆ, ಹಾಳೆ ಮೇಲಿಂದಲೇ ಕಾಣ್ತಿದೆ.’ ಅವಳು ಟೇಪು ಬಿಚ್ಚಿದಳು.

ಅವನು ತಡೆಯಲಿಲ್ಲ. ತಡೆಯಬೇಕಾಗಿಯೂ ಇರಲಿಲ್ಲ, ಏಕೆಂದರೆ ಉತ್ತರ ಸಿದ್ಧವಿತ್ತು. ಮೂರು ದಿನ ಮೂರು ಉತ್ತರಗಳನ್ನು ತಯಾರಿಸಿ, ಎರಡನ್ನು ಬಿಸಾಡಿ, ಇದೊಂದನ್ನು ಅಂಚು ಕಾಣದ ಹಾಗೆ ಉಜ್ಜಿ ಇಟ್ಟುಕೊಂಡಿದ್ದ. ಅವಳು ಕೆಳಗಿನ ಕೊಳವೆಯ ಹೊಟ್ಟೆಯನ್ನು ಕೆರೆದಳು. ನೀಲಿ ಸುರುಳಿಯಾಗಿ ಬಿತ್ತು. ಕೆಳಗೆ ಕ್ರೋಮ್ ಬರಲಿಲ್ಲ. ಬೂದಿ ಬಣ್ಣದ್ದೇನೋ ಬಂತು, ಪುಡಿ ಪುಡಿಯಾಗಿ.

‘ಇದೇನೋ, ಮಣ್ಣು?’

‘ಪುಟ್ಟಿ. ಒಳಗೆ ಕೊಳವೆ ಮಡಚಿದೆ ಅಕ್ಕ. ನೀನು ಬಿದ್ಯಲ್ಲ, ಆಗ ಆಗಿದ್ದು.’

ಧ್ವನಿ ಎಷ್ಟು ಹದವಾಗಿ ಬಂತೆಂದರೆ ಅವನಿಗೇ ಅಚ್ಚರಿಯಾಯಿತು. ಅಕ್ಕ ತಲೆಯಾಡಿಸಿದಳು. ‘ಹೂಂ. ಸಣ್ಣ ಏಟಾ ಅದು’ ಎಂದಳು, ಮತ್ತೆ ಕೆರೆಯತೊಡಗಿದಳು. ಅಷ್ಟೇ. ಮೂವತ್ತೆಂಟು ವರ್ಷದಿಂದ ಅವನು ಹೆದರಿದ್ದ ಗಳಿಗೆ ಬಂದು, ಒಂದು ಹೂಂ ಹಾಕಿಸಿಕೊಂಡು, ಹೋಗಿಬಿಟ್ಟಿತ್ತು. ಅವನಿಗೆ ಮೊದಲು ಮೈ ಹಗುರಾಯಿತು. ಟೀ ಮಾಡಿಸಲೇ ಎಂದು ಕೇಳಬೇಕೆನಿಸಿತು. ಆದರೆ ಅವಳ ಕೈ ಚಲಿಸುತ್ತಿರುವುದನ್ನೇ ನೋಡುತ್ತ ನಿಂತವನಿಗೆ ನಿಧಾನವಾಗಿ ಬೇರೆ ಏನೋ ಕಂಡಿತು. ಅವಳು ಕೆರೆಯುತ್ತಿದ್ದುದು ನೀಲಿಯನ್ನು ತೆಗೆದ ಮೇಲೆ ಸಿಕ್ಕ ಪುಟ್ಟಿಯನ್ನು. ನೀಲಿಯ ಕೆಳಗಿದ್ದದ್ದನ್ನು. ಯಾವ ಮಗುವಾದರೂ ಹೇಳಬಹುದಾದದ್ದು: ಕೆಳಗಿರುವುದು ಮೊದಲು ಬಂದದ್ದು. ತರಗತಿಯಲ್ಲಿ ಹಿಂದಿನ ಬೆಂಚಿನವನು ಲೆಕ್ಕದಲ್ಲಿ ಒಂದು ಹೆಜ್ಜೆ ಹಾರಿಸಿದರೂ ಹೆಸರು ಹಿಡಿದು ಎಬ್ಬಿಸುತ್ತಿದ್ದ ಅಕ್ಕ, ಇಲ್ಲಿ, ಕಣ್ಣೆದುರಿಗೇ ಇದ್ದ ತಪ್ಪು ಹೆಜ್ಜೆಯನ್ನು ನೋಡಲಿಲ್ಲ. ಹೇಳಿದವನು ತಮ್ಮ, ಅದಕ್ಕೆ. ತಪಾಸಣೆಯವನಾದರೂ ಜೇಬಿನಿಂದ ಅಯಸ್ಕಾಂತ ತೆಗೆದಿದ್ದ. ಹೀಗೆ ನಂಬಿಸಿಕೊಳ್ಳುವುದಕ್ಕಿಂತ ಕೆನ್ನೆಗೆ ಹೊಡೆಸಿಕೊಳ್ಳುವುದು ಮೇಲು ಎಂದು ಅವನಿಗೆ, ಯಾವ ನಾಟಕವೂ ಇಲ್ಲದೆ, ಬಹಳ ಸ್ಪಷ್ಟವಾಗಿ ಅನ್ನಿಸಿತು.

‘ಅಕ್ಕ, ನಾನು ನೀಲಿ ಹಚ್ಚಿದ್ದು ಯಾವಾಗ?’

‘ಆಯ್ಕೆ ಪಂದ್ಯಕ್ಕೆ ಮೂರು ವಾರ ಮುಂಚೆ. ಯಾಕೆ?’

‘ನೀನು ಬಿದ್ದಿದ್ದು?’

‘ಪಂದ್ಯದಲ್ಲಿ. ಏನೋ ಇದು, ನಂಗೇ ಪರೀಕ್ಷೆನಾ?’

‘ಪುಟ್ಟಿ ನೀಲಿ ಕೆಳಗಿದೆ ಅಕ್ಕ.’

ಪಟ್ಟಿ ನಿಂತಿತು. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬೂದಿ ಪುಡಿಯನ್ನು, ಕೆಳಗೆ ಬಿದ್ದಿದ್ದ ನೀಲಿ ಸುರುಳಿಯನ್ನು, ಮತ್ತೆ ಪುಡಿಯನ್ನು ನೋಡಿದಳು. ಹೊರಗೆ ಯಾರೋ ಸ್ಕೂಟರನ್ನು ಒದ್ದು ಒದ್ದು ಶುರುಮಾಡುತ್ತಿದ್ದರು.

‘ಯಾವಾಗ ಗುದ್ದಿದೆ?’

‘ನಿನ್ನ ಮೊದಲನೇ ಪರೀಕ್ಷೆ ದಿನ. ಟ್ಯಾಂಕಿನ ಗೋಡೆಗೆ.’

‘ಗೊತ್ತಿತ್ತಾ ನಿಂಗೆ? ಅದನ್ನ ಹತ್ತಿದ್ರೆ ಹೀಗಾಗುತ್ತೆ ಅಂತ?’

ಗೊತ್ತಿರಲಿಲ್ಲ ಎನ್ನಲು ಇನ್ನೂ ಜಾಗವಿತ್ತು. ‘ಸೈಕಲ್ ಅಂಗಡಿಯವನು ಹೇಳಿದ್ದ’ ಎಂದ ಅವನು. ‘ಹತ್ತಬಾರದು ಅಂತಾನೇ ಹೇಳಿದ್ದ.’

ಅವಳು ಕೈಗವಸುಗಳನ್ನು ಒಂದೊಂದೇ ಬೆರಳು ಸಡಿಲಿಸಿ ಕಳಚಿ, ಬೆಂಚಿನ ಮೇಲೆ ಜೋಡಿಸಿಟ್ಟು, ಷಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು.

ಅವನು ಹಿಂದೆ ಹೋಗಲಿಲ್ಲ. ಮದ್ದು ಒಣಗಿದರೆ ಬಣ್ಣ ಮತ್ತೆ ಗಟ್ಟಿಯಾಗುತ್ತದೆ ಎಂದು ಪಟ್ಟಿ ಎತ್ತಿಕೊಂಡ. ಇಂಥ ಹೊತ್ತಿನಲ್ಲೂ ಅದನ್ನೇ ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಕೆರೆದ. ಆಸ್ಪತ್ರೆಯಲ್ಲಿ ಅಕ್ಕನ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದಾಗ, ಮುಂದಿನ ಎರಡು ಹಲ್ಲು ಹೋದ ಸಂದಿಯಿಂದ ಅವಳು, ‘ನಿನ್ನ ಬಣ್ಣ ಅಲ್ಲಲ್ಲಿ ಕೆತ್ತಿಹೋಯ್ತಲ್ಲೋ’ ಎಂದಿದ್ದಳು. ಆಗ ಹೇಳಬೇಕಿತ್ತು. ಅವಳ ಮದುವೆಯ ಹಿಂದಿನ ದಿನ ಹೇಳಬೇಕಿತ್ತು, ಅಪ್ಪ ಹೋದಾಗ ಹೇಳಬೇಕಿತ್ತು. ಪ್ರತಿ ಸಲವೂ, ಈಗ ಹೇಳಿ ಯಾರಿಗೇನು ಲಾಭ ಎಂಬ ಮಾತು ಎಲ್ಲಿಂದಲೋ ಬಂದು ಸಮನಾಗಿ ಹರಡಿಕೊಳ್ಳುತ್ತಿತ್ತು. ಪುಟ್ಟಿಯ ಕೊನೆಯ ತುಂಡು ಎದ್ದು ಬಂತು. ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ ಒರೆಸಿದ. ಎರಡು ಕೊಳವೆಗಳ ಅಡಿಯಲ್ಲೂ ಮಡಿಕೆ, ಮೊಣಕೈಯ ಒಳಬದಿಯ ಚರ್ಮದ ಹಾಗೆ. ಕ್ರೋಮ್ ಅಲ್ಲಿ ಬಿರಿದು ಒಳಗಿನ ಉಕ್ಕು ಕಪ್ಪಗೆ ಕಾಣುತ್ತಿತ್ತು. ಅಂದು ಬೆರಳಿಗೆ ಮುಟ್ಟಿಸಿಕೊಂಡಿದ್ದಕ್ಕಿಂತ ಅದು ಚಿಕ್ಕದಿತ್ತು.

ತಲೆ ಎತ್ತಿದಾಗ ಷಟರಿನ ಆಚೆ ಅವಳ ಸೀರೆಯ ಅಂಚು, ಚಪ್ಪಲಿ ತೊಟ್ಟ ಎರಡು ಪಾದ ಕಂಡವು. ಅವು ಅತ್ತ ಹೋದವು, ಇತ್ತ ಬಂದವು, ನಿಂತವು.

‘ಯಾವ ಕಡೆ ಎಳೀತಿತ್ತು ಅದು?’ ಹೊರಗಿನಿಂದಲೇ ಕೇಳಿದಳು.

‘ಎಡಕ್ಕೆ.’

‘ಮೂರು ವಾರ ಓಡಿಸ್ದೆ. ನಂಗೆ ಯಾಕೆ ಗೊತ್ತಾಗ್ಲಿಲ್ಲ?’

‘ಸಮ ರಸ್ತೇಲಿ ಗೊತ್ತಾಗಲ್ಲ ಅಕ್ಕ. ಇಳಿಜಾರಲ್ಲಿ, ಪೂರ್ತಿ ಜೋರಲ್ಲಿ, ವಾಲಿಸಿದಾಗ ಮುಂದಿನ ಚಕ್ರ ಒಳಕ್ಕೆ ಹೊರಳುತ್ತೆ.’

‘ಬ್ರೇಕ್ ಹಾಕದೇ ಇದ್ರೂನೂ?’

‘ಹಾಕದೇ ಇದ್ರೂನೂ.’

ಪಾದಗಳು ಷಟರಿನ ಹತ್ತಿರಕ್ಕೆ ಬಂದವು. ಆಮೇಲೆ ಅವಳು ಷಟರನ್ನು ಎರಡೂ ಕೈಯಿಂದ ಹಿಡಿದು, ಸದ್ದು ಮಾಡುತ್ತ, ತಲೆಯ ಮೇಲಕ್ಕೆ ಪೂರ್ತಿ ಎತ್ತಿಬಿಟ್ಟಳು. ಬೆಳಕು ಒಮ್ಮೆಗೇ ಒಳಗೆ ನುಗ್ಗಿತು, ಅವನು ಕಣ್ಣು ಕಿರಿದುಮಾಡಿದ.

‘ಬ್ರೇಕ್ ಹಾಕ್ದೆ ಅಂದ್ಕೊಂಡಿದ್ದೆ ನಾನು’ ಎಂದಳು. ಧ್ವನಿ ಏರಿರಲಿಲ್ಲ, ಬೋರ್ಡಿನ ಮುಂದೆ ನಿಂತಾಗಿನ ಧ್ವನಿಯೇ ಅದು. ‘ಕೊನೇ ತಿರುವಲ್ಲಿ ಕೈ ತಾನೇ ಹಿಡ್ಕೊಂಡ್ತು, ನಾನು ಹೆದರಿದೆ, ಅದಕ್ಕೇ ಬಿದ್ದೆ ಅಂತ. ಎಲುಬು ಕೂಡ್ತು ಕಣೋ, ಆರು ವಾರಕ್ಕೆ ಕೂಡ್ತು. ಕೋಚ್ ಮನೆಗೆ ಬಂದು ಬಾ ಅಂತ ಕರೆದ್ರು. ನಾನೇ ಹೋಗ್ಲಿಲ್ಲ. ಹೆಡ್‌ಮಿಸ್ ಆಗಿ ಅಂತ ಎರಡು ಸಲ ಕೇಳಿದ್ರು ಶಾಲೇಲಿ. ಎರಡು ಸಲವೂ ಬೇಡ ಅಂದೆ. ಇಳಿಜಾರು ಬಂದ್ರೆ ಬ್ರೇಕ್ ಹಿಡಿಯೋಳು ನಾನು, ನನ್ನ ಕೈಲಿ ಆಗಲ್ಲ ಅಂತ. ನನ್ನ ಮಗಳಿಗೆ ಹೇಳ್ಕೊಟ್ಟಿದ್ದೀನಿ, ನಿಮ್ಮಮ್ಮ ಪುಕ್ಕಲಿ, ನೀನು ಹಾಗಾಗ್ಬೇಡ ಅಂತ. ಏಳು ಮನೆ ಬದಲಾಯಿಸಿದೆ, ಏಳು ಮನೇಲೂ ಇದನ್ನ ಮೊಳೆಗೆ ನೇತುಹಾಕಿದೆ. ಯಾಕೆ ಗೊತ್ತಾ? ಮರೀಬಾರದು ಅಂತ.’

ಅವನು ಬಾಯಿ ತೆರೆದ.

‘ಕ್ಷಮಿಸು ಅನ್ಬೇಡ. ಅದು ಆಮೇಲಿನ ಮಾತು. ಕ್ಷಮಿಸ್ತೀನೋ ಇಲ್ವೋ ನಂಗೇ ಗೊತ್ತಿಲ್ಲ.’ ಅವಳು ಒಳಗೆ ಬಂದು ಫ್ರೇಮಿನ ಕೆಳಗೆ ಬರಿಗೈ ಹಾಕಿ, ಮಡಿಕೆಯನ್ನು ಬೆರಳ ತುದಿಯಿಂದ ಹುಡುಕಿ ಮುಟ್ಟಿದಳು. ಅಲ್ಲೇ ಬೆರಳಿಟ್ಟುಕೊಂಡು ನಿಂತಳು. ಅವಳ ಮುಖದಲ್ಲಿ ಸಿಟ್ಟು ಇತ್ತು, ಅದರ ಜೊತೆಗೆ ಬೇರೊಂದೂ ಇತ್ತು. ಅದನ್ನು ಅವನು ಕೊನೆಯ ಸಲ ನೋಡಿದ್ದು ಪಂದ್ಯದ ಗೆರೆಯ ಹಿಂದೆ, ಸೀಟಿ ಊದುವುದಕ್ಕೆ ಕಾಯುತ್ತಿದ್ದ ಇಪ್ಪತ್ತರ ಹುಡುಗಿಯಲ್ಲಿ. ‘ನಾನು ಹಾಕ್ಲಿಲ್ಲ’ ಎಂದಳು, ಅವನಿಗಲ್ಲ. ಆಮೇಲೆ ಅವನಿಗೆ: ‘ಇದು ಸರಿಯಾಗುತ್ತಾ? ನಿಜ ಹೇಳು.’

ಇದಕ್ಕೆ ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು, ಹೇಳುವಾಗ ಧ್ವನಿ ತಾನಾಗಿ ಗಟ್ಟಿಯಾಯಿತು. ‘ಬಾಗಿಸಿ ನೇರ ಮಾಡಿದ್ರೆ ಮತ್ತೆ ಬಿರಿಯುತ್ತೆ. ಎರಡೂ ಕೊಳವೆ ಕತ್ತರಿಸಿ ತೆಗೀಬೇಕು, ಹೊಸದು ಕೂಡಿಸಬೇಕು. ಹಿತ್ತಾಳೆ ಬೆಸುಗೆ ಚೆನ್ನಾಗಿ ಗೊತ್ತಿರೋ ಒಬ್ಬರಿದ್ದಾರೆ. ನಾನೇ ಎದುರಿಗೆ ನಿಂತು ಮಾಡಿಸ್ತೀನಿ. ಆಮೇಲೆ ಹತ್ತಬಹುದು, ಎಷ್ಟು ಜೋರಾಗಿ ಬೇಕಾದ್ರೂ. ಆದ್ರೆ ಆ ಎರಡರ ಮೇಲೆ ಅಪ್ಪನ ಕ್ರೋಮ್ ಇರಲ್ಲ. ಹೊಸದಾಗಿ ಏರಿಸಿದ್ರೂ ಬಣ್ಣ ಹೊಂದಲ್ಲ. ಗೊತ್ತಾಗುತ್ತೆ.’

‘ಗೊತ್ತಾಗ್ಲಿ. ಬರಿ ಉಕ್ಕು ಹಾಗೇ ಬಿಡು, ತುಕ್ಕು ಹಿಡೀದೇ ಇರೋ ಹಾಗೆ ಏನಾದ್ರೂ ತೆಳ್ಳಗೆ ಹಚ್ಚು. ನೀಲಿ ಮಾತ್ರ ಬೇಡ.’

‘ಇಲ್ಲ.’

‘ಎಷ್ಟು ದಿನ?’

‘ಒಂದು ತಿಂಗಳು.’

‘ಮೂರು ವಾರ’ ಎಂದಳು ಅಕ್ಕ.

ಮೇಲಿನಿಂದ ಅವನ ಹೆಂಡತಿ ಮೆಟ್ಟಿಲ ತುದಿಗೆ ಬಂದು ಕೂಗಿದಳು. ‘ರೀ, ಊಟಕ್ಕೆ ಬನ್ನಿ. ಅತ್ತಿಗೇ, ನೀವೂ ಬನ್ನಿ, ಇವರ ಜೊತೆ ಸೇರಿ ಮದ್ದಿನ ವಾಸನೆ ಕುಡಿದು ಕುಡಿದು ತಲೆ ತಿರುಗುತ್ತೆ.’ ಅಕ್ಕ ನಲ್ಲಿಯ ಕೆಳಗೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಮುಂದೆ ಹತ್ತಿದಳು. ಅವನು ಹಿಂದೆ ಹತ್ತಿದ, ಪ್ರತಿ ಮೆಟ್ಟಿಲಿಗೂ ಅವಳು ಈಗ ನಿಂತು ತಿರುಗಿ ಏನೋ ಅನ್ನುತ್ತಾಳೆ ಎಂದು ಕಾಯುತ್ತ. ಅವಳು ತಿರುಗಲಿಲ್ಲ. ಊಟದ ಮೇಜಿನ ಮುಂದೆ ಕೂತು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಫೋನು ತೆಗೆದು ಮಗಳಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಅದನ್ನು ಮೇಜಿನ ಮಧ್ಯೆ ಇಟ್ಟಳು. ಬಡಿಸುತ್ತಿದ್ದ ಹೆಂಡತಿಗೆ, ‘ನೀನೂ ಕೂತ್ಕೋ, ಇವನೇನೋ ಹೇಳ್ತಾನೆ’ ಎಂದಳು.

‘ಹಲೋ, ಏನಮ್ಮ? ಮಾವನ ಮನೇಲಿದ್ದೀಯಾ? ಸೈಕಲ್ ಆಯ್ತಾ?’ ಮಗಳ ಧ್ವನಿ ಉತ್ಸಾಹದಲ್ಲಿತ್ತು.

ಹೆಂಡತಿ ಸೌಟು ಹಿಡಿದೇ ಕೂತಳು, ಅವನ ಮುಖ ನೋಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷ, ಅವಳಿಗೂ ಗೊತ್ತಿರಲಿಲ್ಲ. ಅವನು ಎಲ್ಲಿಂದ ಶುರುಮಾಡಿದರೆ ಮೆತ್ತಗೆ ಇಳಿಯುತ್ತದೆ ಎಂದು ಹುಡುಕಿದ.

‘ಆಗ ನಂಗೆ ಹದಿನಾರು ವರ್ಷ ಕಣಮ್ಮ...’

‘ವಯಸ್ಸು ಬೇಡ’ ಎಂದಳು ಅಕ್ಕ. ‘ಏನು ಮಾಡ್ದೆ, ಅದು ಹೇಳು.’

ಅವನು ಕೈಗಳನ್ನು ಮೇಜಿನ ಮೇಲಿಟ್ಟ. ಮದ್ದು ತಗಲಿದ ಕಡೆ ಚರ್ಮ ಬೆಳ್ಳಗಾಗಿ ಉರಿಯುತ್ತಿತ್ತು.

‘ನಿಮ್ಮಮ್ಮ ಬ್ರೇಕ್ ಹಾಕಿರಲಿಲ್ಲ’ ಎಂದ.